ಮಂಡಿ ಎಮಿಲ್

ಸ್ಟೋಕರ್ಸ್ ತಂಡ ಹನ್ನೊಂದು ವರ್ಷದಿಂದ ಸೋಲುತ್ತಲೇ ಬಂದಿತ್ತು. ಹ್ಯಾಸ್ಕೆಟ್ ಊರಿನವರಿಗೆ ಸೋಲು ಅಭ್ಯಾಸವಾಗಿತ್ತು, ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ, ಕ್ಷೌರದಂಗಡಿಯಲ್ಲಿ, ಭಾನುವಾರದ ಪೂಜೆ ಮುಗಿದು ಚರ್ಚಿನ ಮೆಟ್ಟಿಲಿಳಿಯುವಾಗ, ಎಲ್ಲೆಲ್ಲೂ ಒಂದೇ ಚರ್ಚೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿಯ ಫುಟ್‌ಬಾಲ್ ತಂಡದಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು, ಏಪ್ರಿಲ್ ತಿಂಗಳ ಡ್ರಾಫ್ಟ್‌ನಲ್ಲಿ ಯಾವ ಕಾಲೇಜು ಹುಡುಗನನ್ನು ಆರಿಸಬೇಕು. ಮೂರು ದಿನ ನಡೆಯುವ ಆ ಆಯ್ಕೆಯಲ್ಲಿ ಹೆಚ್ಚು ಸೋತಷ್ಟೂ ಸರದಿ ಬೇಗ. ಹಾಗಾಗಿ ಹ್ಯಾಸ್ಕೆಟ್‌ನವರ ಪಾಲಿಗೆ ಕ್ರಿಸ್‌ಮಸ್ ಬಿಟ್ಟರೆ ಅದೇ ಹಬ್ಬ.

ಇಂಥ ಊರಿನಲ್ಲಿ ಇಪ್ಪತ್ತೆರಡು ವರ್ಷ ಎಮಿಲ್ ಹುಡಾಕ್ ಹೇಳಿದ್ದೇ ವೇದವಾಕ್ಯ. ಸೋಮವಾರ ಸಂಜೆ ಡೂಲಿಯ ರೇಡಿಯೊ ಕಾರ್ಯಕ್ರಮಕ್ಕೆ ಅವನು ಫೋನು ಮಾಡುತ್ತಿದ್ದ. “ಆರನೇ ಬೀದಿಯಿಂದ ಎಮಿಲ್” ಎಂದು ಡೂಲಿ ಘೋಷಿಸಿದರೆ ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ಅವನು ಬೇಡವೆಂದ ಆಟಗಾರ ಎರಡು ವರ್ಷದಲ್ಲಿ ಮೂಲೆಗೆ ಬೀಳುತ್ತಿದ್ದ. ಬೇಕೆಂದವನನ್ನು ಸ್ಟೋಕರ್ಸ್ ಬಿಟ್ಟುಕೊಟ್ಟರೆ ಅವನು ಬೇರೆ ತಂಡ ಸೇರಿ ಬಂದು ನಮ್ಮವರನ್ನೇ ಬಡಿಯುತ್ತಿದ್ದ.

ಆದರೆ ಆ ಮಾತುಗಳಲ್ಲಿ ಒಂದೂ ಎಮಿಲ್‌ನದಲ್ಲ. ಎಲ್ಲವೂ ಅವನ ಹೆಂಡತಿ ವಿಲ್ಮಾಳದು.

ವಿಲ್ಮಾಳ ಅಪ್ಪ ಹೈಸ್ಕೂಲು ತಂಡದಲ್ಲಿ ಮುಂದಿನ ಸಾಲಿನ ಐವರಿಗೆ ತರಬೇತಿ ಕೊಡುತ್ತಿದ್ದವನು. ಗೋಡೆಗೆ ಹಾಸಿಗೆಯ ದುಪ್ಪಟಿ ಕಟ್ಟಿ, ಆಟದ ಫಿಲಂ ಓಡಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. “ಚೆಂಡು ನೋಡೋರು ಸಾವಿರ ಜನ ಇದಾರೆ, ನೀನು ಕಾಲು ನೋಡು” ಎನ್ನುತ್ತಿದ್ದ. ಅವಳು ಐವತ್ತು ವರ್ಷ ಕಾಲನ್ನೇ ನೋಡಿದಳು. ಬೆಳಗಿನ ನಾಲ್ಕಕ್ಕೆ ಬೇಕರಿಗೆ ಹೋಗಿ ಹಿಟ್ಟು ನಾದಿ, ಮಧ್ಯಾಹ್ನ ಮನೆಗೆ ಬಂದು, ಯಾರೂ ಹೆಸರು ಕೇಳದ ಕಾಲೇಜುಗಳ ಆಟ ನೋಡುತ್ತ ಕೂರುವಳು. ನೂರಿಪ್ಪತ್ತೈದು ಕಿಲೋ ತೂಗುವ ಹುಡುಗ ಎದುರಾಳಿಗೆ ಡಿಕ್ಕಿ ಹೊಡೆಯುವ ಮುನ್ನ ಎಡಗಾಲನ್ನು ಎಲ್ಲಿಡುತ್ತಾನೆ ಎಂಬುದರಲ್ಲಿ ಅವನ ಜಾತಕ ಓದುವಳು.

ಇಪ್ಪತ್ತಮೂರು ವರ್ಷದ ಹಿಂದೆ ಅವಳೇ ಒಮ್ಮೆ ಡೂಲಿಗೆ ಫೋನು ಮಾಡಿದ್ದುಂಟು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಡೂಲಿ, “ಅಮ್ಮಾ, ಅಡುಗೆ ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ” ಎಂದು ನಕ್ಕು ಫೋನಿಟ್ಟ. ಊರೆಲ್ಲ ನಕ್ಕಿತು. ಅಂದಿನಿಂದ ಅವಳು ತನಗನಿಸಿದ್ದನ್ನು ಅಡುಗೆ ವಿಧಾನ ಬರೆದಿಡುವ ಕಾರ್ಡಿನ ಮೇಲೆ ಬರೆದು ಎಮಿಲ್‌ನ ಕೈಗೆ ಕೊಡತೊಡಗಿದಳು. ಅಡುಗೆಯವಳೆಂದರೆ ಅಡುಗೆಯವಳೇ ಸೈ, ಎಂಬ ಹಟ.

ಫೋನಿನಲ್ಲಿ ಮಾತಾಡುವವರ ಮನೆಯಲ್ಲಿ ರೇಡಿಯೊ ಹಾಕಿರಬಾರದು, ಕಿರ್ರೆಂದು ಕೂಗುತ್ತದೆ. ಆದ್ದರಿಂದ ಎಮಿಲ್ ಅಡುಗೆಮನೆಯ ಗೋಡೆಯ ಫೋನು ಹಿಡಿದರೆ ವಿಲ್ಮಾ ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂತು ಅಲ್ಲಿಯ ರೇಡಿಯೊ ಕೇಳುವಳು. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಯಾರಾದರೂ ಕೆಟ್ಟ ಮಾತಾಡಿದರೆ ಅಳಿಸಲೆಂದು ರೇಡಿಯೊದವರು ಏಳು ಸೆಕೆಂಡು ತಡ ಮಾಡಿ ಬಿಡುತ್ತಿದ್ದರು. ಅವನು ಫೋನಿಟ್ಟ ಮೇಲೂ ಕಾರಿನಲ್ಲಿ ಅವನ ದನಿ ಇನ್ನೂ ಮಾತಾಡುತ್ತಿರುತ್ತಿತ್ತು. ಅಷ್ಟರಲ್ಲಿ ಅವನೇ ಬಂದು ಕಾರಿನ ಗಾಜು ತಟ್ಟಿ, “ಹೇಗಿತ್ತು?” ಎಂದು ಕೇಳುವನು.

“ಚೆನ್ನಾಗಿತ್ತು. ‘ಸೊಂಟ’ ಅನ್ನೋ ಕಡೆ ಸ್ವಲ್ಪ ತೊದಲಿದೆ.”

“ಸೊಂಟದ ವಿಷಯ ಅಲ್ವಾ, ನಾಚಿಕೆ ಆಯ್ತು.”

ಇಬ್ಬರೂ ನಗುವರು. ಅದು ಅವರ ಸೋಮವಾರ.

ಹೋದ ವರ್ಷ ಮಾರ್ಚಿನಲ್ಲಿ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ಶುಕ್ರವಾರ, ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನು ಮತ್ತು ಆಲೂ ತುಂಬಿದ ಪಿರೋಗಿ ಕಡುಬಿನ ಊಟದ ನಡುವೆ ಅಭಿಮಾನಿಗಳ ಸಂಘದವರು ಎಮಿಲ್‌ಗೊಂದು ಹಿತ್ತಾಳೆ ಫಲಕ ಕೊಟ್ಟರು. “ಹ್ಯಾಸ್ಕೆಟ್‌ನ ಅತಿ ಚುರುಕಿನ ಫುಟ್‌ಬಾಲ್ ತಲೆ” ಎಂದು ಅದರ ಮೇಲೆ ಕೊರೆಸಿದ್ದರು. ವಿಲ್ಮಾ ಬಡಿಸುವವರ ಸಾಲಿನಲ್ಲಿ ಸೌಟು ಹಿಡಿದು ನಿಂತಿದ್ದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು. ಎಮಿಲ್ ಫಲಕ ಹಿಡಿದು, ಕೆಂಪಾಗಿ, “ಥ್ಯಾಂಕ್ಸ್ ಕಣ್ರಪ್ಪಾ” ಎಂದಷ್ಟೇ ಹೇಳಿ ಕೂತುಬಿಟ್ಟ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಇಲ್ಲಿ ಮದ್ದು ಕುಡಿದು ವಾಸಿಯಾದವನೇ ಗಿಡದ ಹೆಸರೆತ್ತಲಿಲ್ಲ.

ವಿಲ್ಮಾ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ, ಡ್ರಾಫ್ಟ್ ವಾರದ ಸೋಮವಾರ, ಅವಳು ಕಾರ್ಡಿನ ಮೇಲೆ ಬೇಕೆಂದೇ ತಪ್ಪು ಬರೆದಳು. ಡ್ರೇಕ್ ಸೆಲ್ವಿಗ್ ಎಂಬ ಚೆಂಡೆಸೆಯುವ ಹುಡುಗನೊಬ್ಬನಿದ್ದ. ನೋಡಲು ಸಿನಿಮಾದವನ ಹಾಗೆ, ಆದರೆ ಬಲ ಮಂಡಿಗೆ ಎರಡು ಸಲ ಡಾಕ್ಟರ ಕತ್ತರಿ ಬಿದ್ದಿತ್ತು. ಮುಂದಿನ ಎರಡು ವರ್ಷದ ಮೊದಲ ಸುತ್ತಿನ ಸರದಿಗಳನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಾದರೂ ಅವನನ್ನು ತರಬೇಕು ಎಂದು ಬರೆದಳು.

ಎಮಿಲ್ ಕಾರ್ಡನ್ನು ಎರಡು ಸಲ ಓದಿದ. “ವಿಲ್ಮಾ, ಇದು ಖಂಡಿತಾನಾ?”

“ಖಂಡಿತ.”

ಅವನು ಓದಿದ. ಅವಳು ಕಾರಿನಲ್ಲಿ ಕೂತು ಕೇಳಿದಳು. ಡೂಲಿ ಬಿದ್ದು ಬಿದ್ದು ನಕ್ಕ. ಎಮಿಲ್ ಬಂದು ಗಾಜು ತಟ್ಟಿದ. “ಹೇಗಿತ್ತು?”

“ಚೆನ್ನಾಗಿತ್ತು,” ಎಂದಳು ವಿಲ್ಮಾ.

ಸೆಲ್ವಿಗ್‌ನನ್ನು ಬೇರೆ ಯಾರೋ ಒಯ್ದರು. ಆಗಸ್ಟಿನ ಅಭ್ಯಾಸದಲ್ಲೇ ಅವನ ಮಂಡಿ ಮೂರನೇ ಸಲ ಹೋಯಿತು. ಅವತ್ತಿನಿಂದ ಎಮಿಲ್‌ಗೆ ‘ಮಂಡಿ ಎಮಿಲ್’ ಎಂಬ ಹೆಸರು ಬಿತ್ತು. ಕ್ಷೌರದಂಗಡಿಗೆ ಹೋದರೆ, “ಬಾರಪ್ಪಾ ಮಂಡಿ, ಮಂಡಿಯೂರಿ ಕೂತ್ಕೋ” ಎನ್ನುವರು. ಅವನು ನಗುವನು. ಮತ್ತೆ ಡೂಲಿಗೆ ಫೋನು ಮಾಡಲಿಲ್ಲ, ಕಾರ್ಡು ಕೇಳಲೂ ಇಲ್ಲ. ಸೋಮವಾರ ಸಂಜೆ ನೆಲಮಾಳಿಗೆಗೆ ಹೋಗಿ ಏನಾದರೊಂದನ್ನು ಬಿಚ್ಚಿ ಮತ್ತೆ ಜೋಡಿಸುತ್ತ ಕೂರುತ್ತಿದ್ದ. ಹೇಳಿಬಿಡಬೇಕೆಂದು ವಿಲ್ಮಾ ಎಷ್ಟೋ ಸಲ ಮೆಟ್ಟಿಲ ತನಕ ಹೋದಳು. ಈ ಸೀಸನ್ ಮುಗಿಯಲಿ, ಹೇಳುತ್ತೇನೆ ಎಂದುಕೊಂಡಳು. ಜನವರಿಯಲ್ಲಿ, ಸೀಸನ್ ಮುಗಿದ ಎಂಟನೇ ದಿನ, ಅಂಗಳದ ಹಿಮ ಎತ್ತುತ್ತಿದ್ದ ಎಮಿಲ್ ಸಲಿಕೆ ಹಿಡಿದಂತೆಯೇ ಕುಸಿದ. ತಿಥಿಯೂಟದಲ್ಲಿ ಕೂಡ ಒಬ್ಬ ಪುಣ್ಯಾತ್ಮ ಮಂಡಿಯ ಜೋಕು ಹೇಳಿದ, ಪ್ರೀತಿಯಿಂದಲೇ.

ಈ ಏಪ್ರಿಲ್‌ನ ಗುರುವಾರ, ಡ್ರಾಫ್ಟ್ ಶುರುವಾದ ದಿನ, ಡೂಲಿ ರೇಡಿಯೊದಲ್ಲಿ ಹೊಸದೊಂದು ಘೋಷಣೆ ಮಾಡಿದ. ಡ್ರಾಫ್ಟ್ ವಾರದ ಅತಿ ಪೆದ್ದು ಸಲಹೆಗೆ ಇನ್ನು ಮುಂದೆ ಪ್ರತಿ ವರ್ಷ ‘ಮಂಡಿ ಎಮಿಲ್ ಪ್ರಶಸ್ತಿ’ ಕೊಡುತ್ತಾರಂತೆ. ವಿಲ್ಮಾ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಜೀವ ಹೋದ ಮೇಲೂ ಹೆಸರು ಹೋಗದ ಹಾಗೆ ತಾನೇ ಮಾಡಿಟ್ಟಂತಾಯಿತು. ಈ ಹೆಸರನ್ನು ಅವನ ಮೇಲಿಂದ ತೆಗೆಯಬೇಕು, ತೆಗೆಯಬಲ್ಲವಳು ತಾನೊಬ್ಬಳೇ. ಶನಿವಾರ ಡ್ರಾಫ್ಟ್‌ನ ಕೊನೆಯ ದಿನ. ನಾಲ್ಕರಿಂದ ಏಳನೇ ಸುತ್ತು, ದೊಡ್ಡ ಹೆಸರುಗಳೆಲ್ಲ ಮುಗಿದು ನಿಜವಾಗಿ ಆಟ ಬಲ್ಲವರು ಮಾತ್ರ ಕೇಳುವ ದಿನ. ಅವತ್ತೇ ಸರಿ ಎಂದು ನಿಶ್ಚಯಿಸಿದಳು.

ಶನಿವಾರ ಮಧ್ಯಾಹ್ನ ಎರಡಕ್ಕೆ ಅವಳು ಮನೆಯ ರೇಡಿಯೊ ಆರಿಸಿ, ಗೋಡೆಯ ಫೋನು ತೆಗೆದುಕೊಂಡಳು. ಕೈಯಲ್ಲಿ ಒಂದು ಕಾರ್ಡು. ಅದರ ಮೇಲೆ ಆಮೋಸ್ ಟ್ರೆಡ್ವೆಲ್ ಎಂಬ ಹೆಸರು. ಡಕೋಟಾದ ಯಾವುದೋ ಪುಟ್ಟ ಕಾಲೇಜಿನ ಹುಡುಗ, ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಗಾರ್ಡ್. ಅವನ ಹೆಸರು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲು ಇದನ್ನು ಹೇಳಿ, ತನಗೆ ಆಟ ಗೊತ್ತಿದೆಯೆಂದು ತೋರಿಸಿ, ಆಮೇಲೆ ಸೆಲ್ವಿಗ್‌ನ ವಿಷಯ ಹೇಳಬೇಕೆಂದು ಲೆಕ್ಕ ಹಾಕಿದ್ದಳು.

ಫೋನೆತ್ತಿದ್ದು ಕೊರೀನ್. ಕರೆಗಳನ್ನು ಸೋಸಿ ಡೂಲಿಗೆ ಕಳಿಸುವ ಹೆಂಗಸು. ಮೂವತ್ತು ವರ್ಷದಿಂದ ಅದೇ ಕುರ್ಚಿ, ಸಿಗರೇಟಿನಲ್ಲಿ ಒಣಗಿದ ಅದೇ ದನಿ. “ಹೆಸರು, ಬೀದಿ, ವಿಷಯ. ಬೇಗ.”

“ವಿಲ್ಮಾ. ಆರನೇ ಬೀದಿ.”

“ಎಮಿಲ್‌ನ ವಿಲ್ಮಾ?”

“ಹೌದು.”

“ಅಯ್ಯೋ ದೇವ್ರೇ. ಕೊನೆಗೂ ನೀವೇ ಮಾಡಿದ್ರಲ್ಲ!”

“ಕೊನೆಗೂ ಅಂದ್ರೆ?”

“ಅವನು ಪ್ರತಿ ಸಲಾನೂ ಹೇಳ್ತಿದ್ದ ಕಣಮ್ಮ. ನಾನು ‘ಏನ್ ವಿಷಯ’ ಅಂತ ಕೇಳಿದ್ರೆ, ‘ವಿಷಯ ನನ್ ಹೆಂಡ್ತೀದು, ದನಿ ಮಾತ್ರ ನಂದು, ಹಾಗೇ ಬರ್ಕೋ’ ಅಂತಿದ್ದ. ನಾನೂ ಬರ್ದು ಡೂಲಿ ಮುಂದಿನ ಪರದೆಗೆ ಕಳಿಸ್ತಿದ್ದೆ. ಆ ಮಹಾನುಭಾವ ಹೆಸರು ಬಿಟ್ಟು ಒಂದಕ್ಷರ ಓದಿದ್ರೆ ಕೇಳಿ. ‘ನೀನೇ ಹೇಳ್ಬಿಡಪ್ಪಾ ಎಲ್ರಿಗೂ’ ಅಂದ್ರೆ, ‘ಕಾರ್ಖಾನೇಲಿ ನನ್ನ ಉಳಿಸ್ತಾರಾ ಕೊರೀನ್’ ಅಂತಿದ್ದ. ಅಂಜುಬುರುಕ. ಒಳ್ಳೇ ಅಂಜುಬುರುಕ.”

ವಿಲ್ಮಾ ಗೋಡೆಗೆ ಒರಗಿದಳು. “ಹೋದ ವರ್ಷ? ಆ ಸೆಲ್ವಿಗ್ ದಿನ?”

“ಅವತ್ತು ನಾನೇ ಬೈದೆ, ‘ಏನೋ ಎಮಿಲ್, ತಲೆ ಕೆಟ್ಟಿದ್ಯಾ’ ಅಂತ. ‘ನಂಗೂ ಸರಿ ಕಾಣ್ತಿಲ್ಲ’ ಅಂದ. ‘ಮತ್ತೆ ಯಾಕೆ ಹೇಳ್ತೀಯ’ ಅಂದೆ. ‘ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದ್ಸಲ ತಪ್ಪಿಲ್ಲ. ಇವತ್ತು ಅವಳ ಮಾತು ಬಿಟ್ಟು ನನ್ ಮಾತು ಹೇಳಕ್ಕೆ ನಾನ್ಯಾರು’ ಅಂದ. ಇರಿ, ಇರಿ, ನಿಮ್ ಸರದಿ ಬಂತು.”

ವಿಲ್ಮಾ ಇನ್ನೂ ಉಸಿರು ತೆಗೆದುಕೊಳ್ಳುವ ಮೊದಲೇ ಡೂಲಿಯ ದನಿ ಕಿವಿ ತುಂಬಿತು. “ಆರನೇ ಬೀದಿಯಿಂದ ವಿಲ್ಮಾ ಹುಡಾಕ್! ನಮ್ಮ ಎಮಿಲ್‌ನ ಮನೆಯವರು. ಅಮ್ಮಾ, ನಿಮ್ಮ ಯಜಮಾನರಿಲ್ಲದ ಡ್ರಾಫ್ಟು ಉಪ್ಪಿಲ್ಲದ ಸೂಪು ಕಣ್ರೀ. ಹೇಳಿ, ಇವತ್ತು ಅವರಿದ್ದಿದ್ರೆ ಐದನೇ ಸುತ್ತಿಗೆ ಯಾರನ್ನ ಹೇಳ್ತಿದ್ರು?”

“ಆಮೋಸ್ ಟ್ರೆಡ್ವೆಲ್,” ಎಂದಳು. ಕಾರ್ಡಿನಲ್ಲಿದ್ದ ಉಳಿದದ್ದು ಕಣ್ಣಿಗೆ ಕಾಣಲಿಲ್ಲ, ಆದರೆ ಬಾಯಿಗೆ ಬಂತು. “ಗಾರ್ಡ್. ತೋಳು ಗಿಡ್ಡ ಅಂತ ಎಲ್ರೂ ಬಿಟ್ಟಿದಾರೆ. ತೋಳು ನೋಡ್ಬೇಡಿ. ಅವನ ಕಾಲು ನೆಲ ಬಿಡಲ್ಲ. ಮೂರು ವರ್ಷದಲ್ಲಿ ಒಂದ್ಸಲಾನೂ ಹಿಂದಕ್ಕೆ ಬಿದ್ದಿಲ್ಲ.”

“ಆಹಾ! ಥೇಟ್ ಎಮಿಲ್! ಬರೆದಿಟ್ಟು ಹೋಗಿದ್ರಾ?”

“ಇಲ್ಲ. ಇದು ನಂದು. ಎಲ್ಲಾನೂ ನಂದೇ. ಡೂಲಿ, ನಾನು ಒಂದ್ ವಿಷಯ ಹೇಳಕ್ಕೆ ಮಾಡಿದೆ. ಸೆಲ್ವಿಗ್‌ನ ತಗೊಳ್ಳಿ ಅಂತ ಹೋದ ವರ್ಷ ಹೇಳಿದ್ದೂ ನಾನು. ತಪ್ಪು ಅಂತ ಗೊತ್ತಿದ್ದೇ ಬರ್ಕೊಟ್ಟೆ. ಅವನ ಮೇಲೆ ಕೋಪ ಇತ್ತು ನಂಗೆ. ಅವನಿಗೆ ಇಷ್ಟ ಇರ್ಲಿಲ್ಲ, ಆದ್ರೂ ನನ್ನ ನಂಬಿ ಓದಿದ. ಆ ಹೆಸರು ನಂಗೆ ಸೇರ್ಬೇಕು, ಅವನಿಗಲ್ಲ.”

ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಡೂಲಿ ಅವಳ ಮಾತನ್ನು ಕೊನೆಯವರೆಗೆ ಕೇಳಿದ್ದ. ಆಮೇಲೆ ದನಿ ತಗ್ಗಿಸಿ, ಮಗುವಿಗೆ ಹೇಳುವಂತೆ, “ಅಮ್ಮಾ, ನಿಮ್ಮಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರ್ಬೇಕು,” ಎಂದ.

“ನಾನು ಸುಳ್ಳು ಹೇಳ್ತಿಲ್ಲ. ಕೊರೀನ್‌ನ ಕೇಳಿ.”

“ಕೊರೀನ್ ಗಾಜಿನ ಆ ಕಡೆ ಅಳ್ತಾ ಕೂತಿದಾಳೆ ಅಮ್ಮಾ, ನನ್ ಕಣ್ಣಲ್ಲೂ ನೀರು ಬಂತು. ಆಯ್ತು, ನಿಮ್ ಮುಖ ನೋಡ್ಕೊಂಡು ಆ ಪ್ರಶಸ್ತಿ ಹೆಸರು ಬದಲಾಯಿಸ್ತೀವಿ. ಸರೀನಾ? ಈಗ ಒಂದು ಜಾಹೀರಾತು.”

ಫೋನು ಸತ್ತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ವಿಲ್ಮಾ ಒಂದು ವರ್ಷ ನುಂಗಿಟ್ಟಿದ್ದ ಮಾತನ್ನು ಇಡೀ ಊರಿಗೆ ಕೇಳುವಂತೆ ಆಡಿಬಿಟ್ಟಿದ್ದಳು. ಆದರೂ ಅದು ಎಲ್ಲಿಗೂ ಹೋಗಲಿಲ್ಲ.

ಅವಳು ಸ್ವೆಟರನ್ನೂ ಹಾಕದೆ ಅಂಗಳಕ್ಕೆ ಬಂದು ಕಾರಿನೊಳಗೆ ಕೂತಳು. ಸರೋವರದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ರೇಡಿಯೊ ಹಾಕಿದಳು. ಜಾಹೀರಾತು ಮುಗಿದು ಒಬ್ಬರಾದ ಮೇಲೊಬ್ಬರು ಮಾತಾಡುತ್ತಿದ್ದರು. ಕ್ಷೌರದಂಗಡಿಯ ಲೆಸ್ಟರ್, “ಗಂಡನ ಮಾನ ಉಳಿಸೋಕೆ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ಲಲ್ಲ ಪುಣ್ಯಾತ್ಗಿತ್ತಿ. ನನ್ನೋಳಾಗಿದ್ರೆ ಸತ್ತ ಮೇಲೂ ಇನ್ನೆರಡು ಸೇರಿಸಿರೋಳು” ಎಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಬೈದಿದ್ದರೆ ಬೆನ್ನೊಡ್ಡಿ ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಡೂಲಿ ಕಿರುಚಿದ. ಐದನೇ ಸುತ್ತಿನಲ್ಲಿ ಸ್ಟೋಕರ್ಸ್ ಆಯ್ಕೆ ಪ್ರಕಟವಾಗಿತ್ತು. ಆಮೋಸ್ ಟ್ರೆಡ್ವೆಲ್, ಗಾರ್ಡ್.

“ನೋಡಿದ್ರಾ! ಸತ್ತ ಮೇಲೂ ಹೇಳ್ಕಳಿಸಿದ ನೋಡಿ! ಎಮಿಲ್, ಎಲ್ಲಿದ್ರೂ ಕೇಳಿಸ್ಕೋ ಮಾರಾಯಾ, ಮಂಡಿ ವಿಷಯ ಮಾಫ್! ಹ್ಯಾಸ್ಕೆಟ್‌ನ ಅತಿ ಚುರುಕಿನ ತಲೆ!”

ವಿಲ್ಮಾ ರೇಡಿಯೊ ಆರಿಸಿದಳು. ಎದುರಿಗೆ ಅಡುಗೆಮನೆಯ ಕಿಟಕಿ. ಅವಳು ಅವಸರದಲ್ಲಿ ಸರಿಯಾಗಿ ಸಿಕ್ಕಿಸದೆ ಬಂದ ಫೋನು ತಂತಿಯ ತುದಿಯಲ್ಲಿ ತೂಗುತ್ತಿದ್ದುದು ಇಲ್ಲಿಗೂ ಕಾಣುತ್ತಿತ್ತು. ಅದರ ಮುಂದೆ ನಿಲ್ಲುತ್ತಿದ್ದ ಬೆನ್ನು ಇರಲಿಲ್ಲ. ಎಮಿಲ್ ಅವಳ ಹೆಸರನ್ನು ಕೊರೀನ್‌ಗೆ ವಾರಕ್ಕೊಮ್ಮೆ ಹೇಳುತ್ತಲೇ ಇದ್ದ, ಇಲ್ಲಿಂದ ಹತ್ತೇ ಹೆಜ್ಜೆ ದೂರದಲ್ಲಿ. ಅದು ರೇಡಿಯೊಗೆ ಬರುವ ಮುಂಚಿನ ಮಾತು, ಕಾರಿನಲ್ಲಿ ಕೂತವಳಿಗೆ ಕೇಳುವಂತಿರಲಿಲ್ಲ.

ಅವಳು ಕಾರಿನ ಗಾಜನ್ನು ಪೂರ್ತಿ ಇಳಿಸಿದಳು, ಯಾರೋ ಬಂದು ತಟ್ಟಲಿದ್ದಾರೆಂಬಂತೆ.

“ಚೆನ್ನಾಗಿರ್ಲಿಲ್ಲ ಎಮಿಲ್,” ಎಂದಳು. “ಅವತ್ತು ‘ಹೇಗಿತ್ತು’ ಅಂತ ಕೇಳಿದ್ಯಲ್ಲ. ಚೆನ್ನಾಗಿರ್ಲಿಲ್ಲ.”