ಯಜ್ಞಣ್ಣನ ತಾಯಿಪೆಟ್ಟಿಗೆ

ಯಜ್ಞಣ್ಣ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳು ಸುಪ್ರಿತಾ. ನನಗೆ ಮೊದಲು ಉರಿದದ್ದೇ ಅಲ್ಲಿ. ಜಾಲ್ಸೂರಿನಲ್ಲಿ ಅವರ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಇರುವವನು ನಾನು. ಅವಳಿರುವುದು ದೂರದ ಕಡಬದಲ್ಲಿ. ಅಳುತ್ತಾ ಫೋನ್ ಮಾಡಿದವಳಿಗೆ ನಾನು ಸಮಾಧಾನ ಹೇಳಲಿಲ್ಲ. "ನಿಂಗೆ ಯಾರು ಹೇಳಿದ್ದು?" ಎಂದು ಕೇಳಿದೆ.

ಯಜ್ಞೇಶ್ವರಣ್ಣ ನಮ್ಮ ಕಡೆಯವರಿಗೆ ಜೇನು ಸಾಕುವುದನ್ನು ಕಲಿಸಿದವರು. ನಾನು ಸುಳ್ಯದಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟವನು. ಅಪ್ಪ ಸತ್ತ ವರ್ಷ ಅಂಗಡಿಯ ಬಾಗಿಲು ಸಹ ತೆಗೆಯದೆ ಮನೆಯಲ್ಲಿ ಮಂಕಾಗಿ ಕೂತಿದ್ದ ನನ್ನನ್ನು ಎಳೆದುಕೊಂಡು ಹೋಗಿ ಜೇನುಪೆಟ್ಟಿಗೆಯ ಮುಂದೆ ನಿಲ್ಲಿಸಿದರು. "ಕಚ್ಚಿದ್ರೆ ಕಚ್ಚಲಿ ಮಾರಾಯ, ನೀನು ಬದುಕಿದ್ದಿ ಅಂತಾದ್ರೂ ಗೊತ್ತಾಗ್ತದೆ" ಎಂದರು. ಕಚ್ಚಿತು, ಮುಖ ಬಾತುಕೊಂಡಿತು, ನಾವಿಬ್ಬರೂ ನಕ್ಕೆವು. ಅಂದಿನಿಂದ ನನ್ನ ಆದಿತ್ಯವಾರಗಳೆಲ್ಲ ಅವರ ಅಂಗಳದಲ್ಲೇ ಕಳೆದವು. ವಯಸ್ಸಿನಲ್ಲಿ ಅಪ್ಪನಷ್ಟು ದೊಡ್ಡವರು, ಆದರೆ ನನಗಿದ್ದ ಒಬ್ಬನೇ ಗೆಳೆಯ ಎಂದರೆ ಅವರೇ.

ನಾಲ್ಕು ವರ್ಷಗಳ ಹಿಂದೆ ಜೇನು ಸಾಕುವುದನ್ನು ಕಲಿಯಲು ಸುಪ್ರಿತಾ ಬಂದಳು. ಬ್ಯಾಂಕಿನ ಕೆಲಸ, ಚುರುಕು ಹುಡುಗಿ, ಕೇಳಿದ್ದನ್ನು ಮರೆಯುವವಳಲ್ಲ. ಮೊದಲು "ಸರ್" ಎನ್ನುತ್ತಿದ್ದವಳು ಒಂದು ಮಳೆಗಾಲ ಕಳೆಯುವುದರೊಳಗೆ "ಯಜ್ಞಮಾವ" ಎನ್ನತೊಡಗಿದಳು. ನಾನು ಪೆಟ್ಟಿಗೆಯಿಂದ ಜೇನಿನ ಎರಿ ಎತ್ತಿದರೆ ಯಜ್ಞಣ್ಣ, "ಎಂತ ಕೈ ಮಾರಾಯ ನಿಂದು, ಪೈಪು ಎಳೆಯುದಾ?" ಎನ್ನುತ್ತಿದ್ದರು. ಅವಳು ಎತ್ತಿದರೆ, "ಕೈ ಹಗುರ ಉಂಟು" ಎನ್ನುತ್ತಿದ್ದರು. ಅವಳ ಕೈ ಹಗುರವಾಗಿದ್ದದ್ದು ನಿಜ. ಅದೇ ನನಗೆ ಸಹಿಸಲಾಗದ ವಿಷಯ.

ನುಡಿನಮನದ ದಿನ ಅವಳು ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ಸಭೆಯೇ ಕಣ್ಣೊರೆಸಿಕೊಂಡಿತು. ನನ್ನ ಸರದಿ ಬಂದಾಗ "ದೊಡ್ಡ ಮನುಷ್ಯರು" ಎಂದಷ್ಟೇ ಹೇಳಿ ಇಳಿದೆ. ಹೊರಗೆ ಯಾರೋ ಅವಳನ್ನು ತೋರಿಸಿ, "ಅವರ ಪಟ್ಟಶಿಷ್ಯೆ" ಎನ್ನುತ್ತಿದ್ದರು. ಊಟ ಮಾಡದೆ ಮನೆಗೆ ಬಂದೆ.

ಉಳಿದದ್ದು ತಾಯಿಪೆಟ್ಟಿಗೆ. ಕಾಯಿಲೆ ಬಿದ್ದಾಗ ಯಜ್ಞಣ್ಣ ಉಳಿದ ಪೆಟ್ಟಿಗೆಗಳನ್ನೆಲ್ಲ ಹಂಚಿದ್ದರು, ಬಾವಿಕಟ್ಟೆಯ ಪಕ್ಕದ ಇದೊಂದನ್ನು ಬಿಟ್ಟು. ನಮ್ಮೆಲ್ಲರ ಜೇನುಕುಟುಂಬಗಳು ಇದರಿಂದಲೇ ಪಾಲಾಗಿ ಬಂದವು. ಅದು ಯಾರ ಅಂಗಳಕ್ಕೆ ಹೋಗುತ್ತದೋ ಅವರೇ ಯಜ್ಞಣ್ಣನಿಗೆ ಹೆಚ್ಚು ಬೇಕಾದವರು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಉತ್ತರಕ್ರಿಯೆ ಮುಗಿದ ಮೇಲೆ ಸುಪ್ರಿತಾ ಫೋನಿನಲ್ಲಿ ಹೇಳಿದಳು: "ಆದಿತ್ಯವಾರ ಬಂದು ಕೊಂಡುಹೋಗ್ತೇನೆ ದಾಸಣ್ಣ. ಇದನ್ನು ನೋಡಿಕೊ ಅಂತ ಮಾವ ನಂಗೆ ಹೇಳಿದ್ರು."

ನನಗೂ ಅದನ್ನೇ ಹೇಳಿದ್ದರು!

ಶನಿವಾರ ಯಜ್ಞಣ್ಣನ ಹೆಂಡತಿ ಶಾಂಭವಿಯಕ್ಕ ಪುತ್ತೂರಿನ ತಂಗಿಯ ಮನೆಗೆ ಹೋಗಿದ್ದರು. ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆಯ ಬಾಗಿಲು ಮುಚ್ಚಿ, ಎತ್ತಿಕೊಂಡು ನನ್ನ ಅಂಗಳಕ್ಕೆ ತಂದಿಟ್ಟೆ. ಕೇಳಿದರೆ ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಬಾಗಿಲು ತೆಗೆದಾಗ ಹುಳಗಳು ಒಂದೊಂದಾಗಿ ಹಾರಿಹೋದವು. ಗೆದ್ದ ಖುಷಿಯಲ್ಲಿ ಎರಡು ಗ್ಲಾಸು ಚಾ ಕುಡಿದೆ.

ಆಗ ಸುಪ್ರಿತಾಳ ಫೋನ್ ಬಂತು. "ದಾಸಣ್ಣ, ಇಲ್ಲಿ ಪೆಟ್ಟಿಗೆ ಇಲ್ಲ. ಹುಳ ಮಾತ್ರ ಬಂದು ಬರೀ ಸ್ಟ್ಯಾಂಡಿನ ಮೇಲೆ ಕೂತಿದೆ."

ತಲೆಯ ಮೇಲೆ ಕೈಯಿಟ್ಟುಕೊಂಡೆ. ಜೇನುಪೆಟ್ಟಿಗೆಯನ್ನು ಸರಿಸುವುದಾದರೆ ದಿನಕ್ಕೆ ಒಂದು ಗೇಣು ಸರಿಸಬೇಕು, ಇಲ್ಲವಾದರೆ ಹುಳಗಳಿಗೆ ದಾರಿಯ ಗುರುತೇ ಸಿಗದಷ್ಟು ದೂರ ಒಯ್ಯಬೇಕು. ಹತ್ತಿರದಲ್ಲೇ ಇಟ್ಟರೆ ಹೊರಗೆ ಹೋದ ಹುಳ ಹಳೆಯ ಜಾಗಕ್ಕೇ ಮರಳುತ್ತದೆ. ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಹೊಟ್ಟೆಕಿಚ್ಚಿನಲ್ಲಿ ನನಗೆ ಅದೂ ನೆನಪಾಗಲಿಲ್ಲ.

ಪೆಟ್ಟಿಗೆ ಹೊತ್ತುಕೊಂಡು ಹೋದೆ. ಖಾಲಿ ಸ್ಟ್ಯಾಂಡಿನ ಮೇಲೆ ಹುಳಗಳು ಮುದ್ದೆಯಾಗಿ ಕೂತಿದ್ದವು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕೆಲವು ಸುತ್ತ ಹಾರುತ್ತಿದ್ದವು. ಯಜ್ಞಣ್ಣ ಹೋದ ಮೇಲೆ ನಾನು ಅತ್ತದ್ದು ಅಲ್ಲೇ, ಅದೂ ಸುಪ್ರಿತಾಳ ಎದುರಿಗೆ. ಅವಳು ಬೈಯುತ್ತಾಳೆಂದುಕೊಂಡೆ. ಅವಳು ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಹಳೆಯ ಜಾಗದಲ್ಲಿ ಇಟ್ಟೆವು. ಹುಳಗಳು ಸಾಲಾಗಿ ಒಳಗೆ ಹೋದವು.

"ಇನ್ನು ಇದನ್ನು ನಾನು ಕಡಬಕ್ಕೆ ಕೊಂಡುಹೋಗುದು" ಎಂದಳು ಸುಪ್ರಿತಾ.

"ಅದು ಹೇಗೆ? ನಂಗೂ ಹೇಳಿದ್ದಾರೆ" ಎಂದೆ.

ಜಗಲಿಯಿಂದ ಶಾಂಭವಿಯಕ್ಕನ ಧ್ವನಿ ಕೇಳಿತು. ಪುತ್ತೂರಿನಿಂದ ಬೆಳಗ್ಗಿನ ಬಸ್ಸಿಗೇ ಬಂದಿದ್ದರು. "ನನ್ನ ಹತ್ರ ಒಂದು ಮಾತು ಕೇಳ್ಬೇಕು ಅಂತ ಇಬ್ಬರಿಗೂ ಕಾಣ್ಲಿಲ್ಲ ಅಲ್ವಾ?"

ನಾವು ತಲೆ ತಗ್ಗಿಸಿದೆವು.

"ಆದಿತ್ಯವಾರ ಬಂತಂದ್ರೆ ಅವರು ನಿಮ್ಮವರು. ನಾನು ಚಾ ಮಾಡುದು, ಗ್ಲಾಸು ತೊಳೆಯುದು. ಒಮ್ಮೆ ನಂಗೂ ಕಲಿಸಿ ಅಂದೆ. ನಿಂಗ್ಯಾಕೆ, ಕಚ್ಚಿದ್ರೆ ಬಾತುಕೊಳ್ತದೆ ಅಂದ್ರು. ನೀವು ನಗಾಡುದು ಅಡಿಗೆಮನೆಗೆ ಕೇಳ್ತಿತ್ತು. ನಿಮ್ಮಿಬ್ಬರನ್ನೂ ಕಂಡ್ರೆ ನಂಗೆ ಆಗ್ತಿರ್ಲಿಲ್ಲ." ಅವರು ಅಂಗಳಕ್ಕೆ ಇಳಿದು ಬಂದರು. "ಪೆಟ್ಟಿಗೆ ಇಲ್ಲೇ ಇರ್ತದೆ. ನಂಗೆ ಕಲಿಸಿ."

ಸುಪ್ರಿತಾ ಬಾಯಿ ತೆರೆಯುವ ಮೊದಲೇ ನಾನು ಮುಂದೆ ನುಗ್ಗಿದೆ. "ನಾನು ಕಲಿಸ್ತೇನೆ ಅಕ್ಕ. ಬಾಗಿಲಿಗೆ ಅಡ್ಡ ನಿಲ್ಬಾರ್ದು, ಈಚೆ ಬನ್ನಿ. ಮೆಲ್ಲ, ಮೆಲ್ಲ! ಅವಸರ ಎಂತದ್ದು, ಬಸ್ಸು ತಪ್ಪುದಾ ನಿಮಗೆ?"

ಶಾಂಭವಿಯಕ್ಕ ನಿಂತಲ್ಲೇ ನಿಂತರು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

"ನೀನು ಬೇಡ ದಾಸ."

"ಯಾಕಕ್ಕ?"

"ಕಣ್ಣು ಮುಚ್ಚಿದ್ರೆ ಅವರೇ. ಆ ಗದರುದು, ಆ ಬಸ್ಸಿನ ಮಾತು, ಎಲ್ಲ ಅವರದ್ದೇ. ನಂಗೆ ಈಗ ಅದನ್ನು ಕೇಳ್ಲಿಕ್ಕೆ ಆಗುದಿಲ್ಲ. ಸುಪ್ರಿತಾ ಕಲಿಸ್ಲಿ."

ಸುಪ್ರಿತಾ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿದ್ದದ್ದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ನಾನು ಯಜ್ಞಣ್ಣನ ಹಾಗೆಯೇ ಎಂಬ ಮಾತನ್ನು ಯಾರಾದರೂ ಅವಳ ಎದುರಿಗೇ ಹೇಳಲಿ ಎಂದು ನಾಲ್ಕು ವರ್ಷ ಕಾದಿದ್ದೆ, ಹೇಳಿಯೂ ಆಯಿತು. ಅವಳು ಶಾಂಭವಿಯಕ್ಕನ ಕೈ ಹಿಡಿದು ಪೆಟ್ಟಿಗೆಯ ಮುಚ್ಚಳದ ಮೇಲೆ ಇಡಿಸಿದಳು. ನಾನು ಬಾಯಿ ಮುಚ್ಚಿಕೊಂಡು ಜಗಲಿಯ ಹತ್ತಿರ ಹೋಗಿ ನಿಂತೆ.