ಕಾಡಿನ ವಾಸನೆ

"ಮೂಗು ಮುಚ್ಚಬೇಡ, ಕ್ಯಾಮೆರಾದಲ್ಲಿ ಕಾಣುತ್ತೆ," ಎಂದು ಋಷಿಕೇಶ ಮರಾಠಿಯಲ್ಲಿ ಪಿಸುಗುಟ್ಟಿದಾಗ ರಂಜಿನಿ ದುಪಟ್ಟಾದ ತುದಿಯನ್ನು ಮುಖದಿಂದ ಇಳಿಸಿದಳು.

ಕೊಳೆತ ಮೀನಿನ ವಾಸನೆ. ಪುಣೆಯ ಹೊರವಲಯದ ಚಾಕಣದ ಕಾರು ಕಾರ್ಖಾನೆಗಳೆಲ್ಲ ಮುಗಿದ ಮೇಲೆ, ಕಚ್ಚಾ ರಸ್ತೆಯ ಕೊನೆಗಿದ್ದ ಆ ತಗಡಿನ ಶೆಡ್ಡಿನಲ್ಲಿ ಮೀನು ಮಾತ್ರ ಎಲ್ಲೂ ಇರಲಿಲ್ಲ. ಇದ್ದದ್ದು ಬಟ್ಟೆ. ಮರದ ತಿರುಳನ್ನು ಕರಗಿಸಿ, ನೂಲು ತೆಗೆದು ನೇಯ್ದ, ಕೈಯಲ್ಲಿ ಹಿಡಿದರೆ ನೀರಿನಂತೆ ಜಾರುವ ಬಟ್ಟೆ. ಋಷಿಕೇಶನ 'ರಾನವಸ್ತ್ರ' (ಮರಾಠಿಯಲ್ಲಿ ಕಾಡಿನ ಬಟ್ಟೆ) ಕಂಪನಿ ಅದರಿಂದ ಅಂಗಿ, ಕುರ್ತಾ ಹೊಲಿಸಿ ಮಾರುತ್ತಿತ್ತು. ಆದರೆ ಆ ಬಟ್ಟೆ ಒಗೆದರೆ ಕುಗ್ಗುತ್ತದೆ, ತೊಟ್ಟು ಕೂತರೆ ಮುದುರುತ್ತದೆ. ಹಾಗಾಗದಿರಲೆಂದು ಇಲ್ಲಿ ಅದನ್ನು ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ಬಿಸಿ ಯಂತ್ರದೊಳಗೆ ಹಾಯಿಸುತ್ತಿದ್ದರು. ವಾಸನೆ ಏಳುತ್ತಿದ್ದದ್ದು ಆ ತೊಟ್ಟಿಯಿಂದ. ಅದು ಮೂಗಿಗಿಂತ ಮೊದಲು ಕಣ್ಣಿಗೆ ತಾಕುತ್ತಿತ್ತು. ತುಮಕೂರಿನಿಂದ ಪುಣೆಗೆ ಬಂದು, ಕಂಪನಿಯ ಜಾಹೀರಾತಿನ ಮಾತನ್ನೆಲ್ಲ ಬರೆಯುತ್ತಿದ್ದ ರಂಜಿನಿ ಶೆಡ್ಡಿನೊಳಗೆ ಕಾಲಿಟ್ಟದ್ದು ಇದೇ ಮೊದಲು, ಜಾಹೀರಾತಿನ ವಿಡಿಯೋ ತೆಗೆಸಲೆಂದು.

ತೊಟ್ಟಿಯ ಪಕ್ಕ ನಿಂತಿದ್ದ ಸಾಬವ್ವ ಇಂಡಿ ತಾಲೂಕಿನವಳು. ಅವಳಿಗೆ ಹೊಸ ಸೀರೆ ಉಡಿಸಿದ್ದರು. ನಗುತ್ತಲೇ ಇರಬೇಕೆಂದು ಸೂಪರ್‌ವೈಸರ್ ಹೇಳಿದ್ದರಿಂದ ನಗುತ್ತಲೇ ಇದ್ದಳು.

"ನಿಮ್ಮ ಕೆಲಸದ ಬಗ್ಗೆ ಏನಾದ್ರೂ ಹೇಳಿ ಅಮ್ಮ. ಕನ್ನಡದಲ್ಲೇ ಹೇಳಿ, ಪರವಾಗಿಲ್ಲ," ಎಂದಳು ರಂಜಿನಿ.

"ನೀವು ಕನ್ನಡದವ್ರೇನ್ರಿ? ಭಾಳ ಚಲೋ ಆತು." ಸಾಬವ್ವನ ನಗು ಅಗಲವಾಯಿತು. "ಏನ ಹೇಳ್ಲಿರಿ, ಈ ವಾಸನಿ ಕೈಯಾಗ ಹೊಕ್ಕಬಿಟ್ಟದ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ಮಗಳು ಜಡಿ ಹಾಕಿಸ್ಕೊಳ್ಳಾಕ ಒಲ್ಲೆ ಅಂತಾಳ. ಯವ್ವಾ, ನಿನ್ನ ಕೈ ನಾರ್ತಾವ ಅಂತಾಳ." ಹೇಳುತ್ತಲೇ ಅಂಗೈ ಚಾಚಿದಳು. ಬೆರಳ ಸಂದಿಯ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದಿತ್ತು. "ನೀವು ನಮ್ಮ ಭಾಷಾದವ್ರು. ಮ್ಯಾಲಿನವ್ರಿಗೆ ಹೇಳಿ ಕೈಗವಸರ ಕೊಡಸ್ರಿ."

ಇಷ್ಟನ್ನೂ ಅವಳು ನಗುಮುಖ ಬಿಡದೆ, ನೆಂಟರ ಮುಂದೆ ಮಾತಾಡಿದಷ್ಟು ಮೆತ್ತಗೆ ಹೇಳಿದಳು.

"ಮುಖ ಅದ್ಭುತ," ಎಂದ ಕ್ಯಾಮೆರಾ ಹಿಡಿದಿದ್ದ ಅಭಿಲಾಷ. ಕೈಗಳನ್ನು ಅವನು ಚೌಕಟ್ಟಿನ ಹೊರಗೆ ಬಿಟ್ಟಿದ್ದ.

ವಾಪಸು ಬರುವಾಗ ಕಾರಿನಲ್ಲಿ ರಂಜಿನಿ ಎಲ್ಲವನ್ನೂ ಋಷಿಕೇಶನಿಗೆ ಹೇಳಿದಳು. ಅವನು ಗಮನವಿಟ್ಟು ಕೇಳಿದ, ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡು ಉಜ್ಜಿದ, ಬಾಟಲಿಯನ್ನು ಅವಳಿಗೂ ಚಾಚಿದ. "ಶೆಡ್ಡಿನವರಿಗೆ ಹೇಳೋಣ. ಆ ಶೆಡ್ಡು ನಮ್ಮದಲ್ಲವಲ್ಲ," ಎಂದ. ಬಾಟಲಿಯ ಮುಚ್ಚಳ ತಿರುಗಿಸುತ್ತ, "ಇಂಗ್ಲಿಷ್ ಸಬ್‌ಟೈಟಲ್ ನೀನೇ ಬರಿ. ಅವಳು ಏನು ಹೇಳಿದ್ದರೆ ಚೆನ್ನಾಗಿತ್ತೋ ಅದನ್ನು ಬರಿ," ಎಂದ. ರಂಜಿನಿ ತಿರುಗಿ ನೋಡಿದ್ದಕ್ಕೆ, "ಕೋಣಾಲಾ ಕಳತಂಯ?" ಎಂದು ನಕ್ಕ. ಯಾರಿಗೆ ತಿಳಿಯುತ್ತದೆ?

ಬರೆಯುವುದಿಲ್ಲ ಎಂದುಕೊಂಡೇ ಅವಳು ಅಂದು ಮನೆಗೆ ಹೋದದ್ದು. ಆದರೆ ಮರುದಿನ ಯೆರವಡಾದ ಆಫೀಸಿನಲ್ಲಿ ಕೂತು, ಧ್ವನಿ ಆರಿಸಿ ವಿಡಿಯೋ ನೋಡಿದಾಗ ಸಾಬವ್ವ ನಿಜಕ್ಕೂ ಏನೋ ಸಿಹಿಯಾದದ್ದನ್ನೇ ಹೇಳುತ್ತಿರುವಂತೆ ಕಂಡಿತು. ಇಂಗ್ಲಿಷಿನಲ್ಲಿ ಸಾಲು ತಾನಾಗಿ ಬಂತು. 'ಈ ಬಟ್ಟೆ ಮುಟ್ಟಿದಾಗೆಲ್ಲ ನಮ್ಮೂರ ಬೇವಿನ ನೆರಳು ನೆನಪಾಗುತ್ತದೆ. ನನ್ನ ಕೈಗೆ ಕಾಡಿನ ವಾಸನೆ ಹತ್ತಿದೆ ಎನ್ನುತ್ತಾಳೆ ಮಗಳು.' ಓದಿಕೊಂಡಳು. ಒಂದು ಪದ ಬದಲಿಸಿದಳು, ಲಯ ಇನ್ನೂ ಹದವಾಯಿತು. ಒಳ್ಳೆಯ ಸಾಲು ಬರೆದಾಗ ಆಗುವ ಪುಟ್ಟ ಖುಷಿ ಆಗಲೂ ಆಯಿತು.

ವಿಡಿಯೋ ಬಿಡುಗಡೆಯ ಸಮಾರಂಭ ದೊಡ್ಡ ಹೋಟೆಲಿನಲ್ಲಿ. ಬಾಡಿಗೆಗೆ ತಂದ ಗಿಡಗಳ ಕುಂಡಗಳನ್ನು ಸಾಲಾಗಿ ಇಟ್ಟು ಕಾಡು ಮಾಡಿದ್ದರು. ಪರದೆಯ ತುಂಬ ಸಾಬವ್ವನ ಮುಖ ಬಂದಾಗ ರಂಜಿನಿ ಗೋಡೆಗೆ ಒರಗಿ ನಿಂತಿದ್ದಳು. ಅಷ್ಟು ದೊಡ್ಡ ಸ್ಪೀಕರುಗಳಲ್ಲಿ 'ಯವ್ವಾ, ನಿನ್ನ ಕೈ ನಾರ್ತಾವ' ಎಂಬುದು ಸಭಾಂಗಣದ ಮೂಲೆಮೂಲೆಗೂ ಕೇಳಿಸಿತು. ಜನ ಕೆಳಗಿನ ಇಂಗ್ಲಿಷ್ ಓದುತ್ತಿದ್ದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣು ಒರೆಸಿಕೊಂಡಳು. ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಊಟದ ಹೊತ್ತಿಗೆ ಶಿವರುದ್ರಪ್ಪ ತಟ್ಟೆ ಹಿಡಿದುಕೊಂಡು ಅವಳನ್ನೇ ಹುಡುಕಿ ಬಂದರು. ಜಮಖಂಡಿ ಕಡೆಯವರು, ಪುಣೆಯ ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟು ಹೆಸರಾದವರು. ಹಲ್ಲಿನ ಸಂದಿಯಲ್ಲಿ ಹಸಿರು ಚಟ್ನಿ ಸಿಕ್ಕಿತ್ತು.

"ಕೆಳಗ ಬರದವ್ರು ನೀವೇ ಏನ್ರಿ? ಆಕಿ ಕೈ ನಾರ್ತಾವ ಅಂತಾಳ, ನೀವು ಕಾಡಿನ ವಾಸನಿ ಅಂತೀರಿ. ಭಾಳ ಶಾಣ್ಯಾ ಅದೀರಿ." ಅಗಿಯುತ್ತಲೇ ಹತ್ತಿರ ಬಾಗಿದರು. "ಹೆದರಬ್ಯಾಡ್ರಿ. ನಮ್ಮ ಮಂದಿ ಇನ್ನಿಬ್ರು ಅದಾರ ಇಲ್ಲಿ, ಅವ್ರಿಗೂ ತಿಳೀತು. ಯಾರೂ ಬಾಯಿ ಬಿಡಂಗಿಲ್ಲ. ನಮ್ಮ ಅಂಗಡಿಗೂ ಇದs ವಿಡಿಯೋ ಕಳಸ್ರಿ."

ಮನೆಯ ಹುಡುಗಿಯನ್ನು ಮೆಚ್ಚುವಂತೆ ಅವಳ ತೋಳು ತಟ್ಟಿ ಹೋದರು. ತೋಳಿನ ಮೇಲೆ ಎಣ್ಣೆಯ ಬೆರಳುಗಳು ಮೂಡಿದವು.

ರಂಜಿನಿ ತೊಟ್ಟಿದ್ದದ್ದು ರಾನವಸ್ತ್ರದ್ದೇ ಕುರ್ತಾ. ಬಾತ್‌ರೂಮಿಗೆ ಹೋಗಿ ಕಲೆಯ ಮೇಲೆ ಬಿಸಿನೀರು ಹಾಕಿ ಉಜ್ಜಿದಳು. ನೆಂದ ಬಟ್ಟೆಯೊಳಗಿಂದ ಮೆಲ್ಲಗೆ, ಸಣ್ಣಗೆ, ಮೀನಿನ ನಾತ ಎದ್ದು ಬಂತು. ಆ ನಾತ ತನ್ನ ಮೈಯದೇ ಅನ್ನಿಸಿತು. ಶಿವರುದ್ರಪ್ಪನವರ ಹಲ್ಲು, ಋಷಿಕೇಶ ಉಜ್ಜಿಕೊಳ್ಳುತ್ತಿದ್ದ ಅಂಗೈ, ಪದ ಬದಲಿಸಿ ಖುಷಿಪಟ್ಟ ತನ್ನ ಮುಖ, ಎಲ್ಲ ಒಟ್ಟಿಗೆ ನೆನಪಾಗಿ ಬೇಸಿನ್ನಿನ ಮೇಲೆ ಬಾಗಿ ನಿಂತಳು. ವಾಂತಿಯಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

ಭಾನುವಾರ ಬೆಳಿಗ್ಗೆ ಅವಳು ಒಬ್ಬಳೇ ಚಾಕಣಕ್ಕೆ ಹೋದಳು. ಶೆಡ್ಡಿನ ಹಿಂದೆ ಕೆಲಸದವರ ಖೋಲಿಗಳ ಸಾಲು. ಸಾಬವ್ವ ರೊಟ್ಟಿ ಬಡಿಯುತ್ತಿದ್ದವಳು ಅವಳನ್ನು ಕಂಡದ್ದೇ ಎದ್ದು ಚಾಪೆ ಹಾಸಿದಳು.

"ಬರ್ರಿ, ಕುಂದರ್ರಿ. ಈಗ ಎಲ್ಲಾರ ಫೋನಿನ್ಯಾಗೂ ನಾನs ಅದೀನಿ."

"ಗ್ಲೌಸ್ ಕೊಟ್ರಾ ಅಮ್ಮ?"

"ಎಲ್ಲೀದ್ರಿ, ಇನ್ನೂ ಕೊಟ್ಟಿಲ್ಲ." ಹಿಟ್ಟಿನ ಕೈ ಒರೆಸಿಕೊಂಡು ಫೋನು ತೆಗೆದಳು. "ಕೆಳಗ ಇಂಗ್ಲಿಷಿನ್ಯಾಗ ಬರದದ್ದು ನಾ ಅಂದದ್ದs ಏನ್ರಿ?"

"ಅಲ್ಲ. ನೀವು ಹೇಳಿದ್ದಲ್ಲ ಅದು. ನಾನು ಬರೆದದ್ದು."

"ಹಂಗಾರ ಓದ್ರಿ. ಏನ ಬರದೀರಿ ಕೇಳೂಣು."

ರಂಜಿನಿ ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದಳು. ಬೇವಿನ ನೆರಳು, ಮಗಳು, ಕಾಡಿನ ವಾಸನೆ. ಅಲ್ಲೇ ಮೂಲೆಯಲ್ಲಿ ಕೂದಲು ಬಾಚಿಕೊಳ್ಳುತ್ತಿದ್ದ ಮಗಳು ಬಾಚಣಿಗೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಸಾಬವ್ವ ಒಲೆ ಸಣ್ಣ ಮಾಡಿದಳು. ಎದ್ದು ಬಾಗಿಲಿಗೆ ಹೋಗಿ, "ಶಿವಗಂಗವ್ವಾ, ಎಲ್ಲಾರನೂ ಕರ್ಕೊಂಡ ಬಾರs," ಎಂದು ಕೂಗಿದಳು.

ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಎಲ್ಲರ ಬೆರಳುಗಳೂ ಒಂದೇ ಥರ ಇದ್ದವು.

"ಇವ್ರೂ ಅಲ್ಲೇ ದುಡಿಯವ್ರು. ಇನ್ನೊಮ್ಮೆ ಓದ್ರಿ," ಎಂದಳು ಸಾಬವ್ವ.

"ಬೇಡ ಅಮ್ಮ, ಪ್ಲೀಸ್."

"ಓದ್ರಿ."

ರಂಜಿನಿ ಫೋನು ಕೈಗೆ ತೆಗೆದುಕೊಂಡಳು. ಅಂಗಳದ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದ ಮುದುಕಿಯೊಬ್ಬಳು ಸರಿಯಾಗಿ ಕೇಳಿಸಲೆಂದು ನಲ್ಲಿ ನಿಲ್ಲಿಸಿದಳು.