ಕ್ಯಾಪ್ಟನ್ ಸಾಹೇಬರ ಚಿಲಕ

ಇಂಗ್ಲೆಂಡಿನ ಕಾಲ್‌ಚೆಸ್ಟರಿನಲ್ಲಿ ಬೀಡುಬಿಟ್ಟಿದ್ದ ರಾಣಿಯ ಕುದುರೆ ದಂಡಿನ ಕ್ಯಾಪ್ಟನ್ ವೆಂಟ್ರಿಸನಿಗೆ ಮೀಸೆಗೆ ಮೇಣ ತಿಕ್ಕುವುದರಲ್ಲಿದ್ದ ಶ್ರದ್ಧೆ ಇನ್ನಾವುದರಲ್ಲೂ ಇರಲಿಲ್ಲ. ಜೀನಗಾರ ಸಾರ್ಜೆಂಟ್ ಈನಾಕ್ ಪರ್ಸ್ಲೋ ಅವನನ್ನು ಕಂಡಾಗಲೆಲ್ಲ ಸೆಲ್ಯೂಟ್ ಹೊಡೆಯುತ್ತಿದ್ದ, ಮನಸ್ಸಿನಲ್ಲಿ ಕ್ಯಾಕರಿಸಿ ಉಗಿಯುತ್ತಿದ್ದ.

ಜೀನಿನ ಎರಡೂ ಬದಿಗೆ ಒಂದೊಂದು ಕಬ್ಬಿಣದ ಸರಳು. ಕಾಲಿಡುವ ರಿಕಾಪಿನ ಬಾರು ತೂಗುವುದು ಅದಕ್ಕೇ. ಸರಳಿನ ತುದಿಗೊಂದು ಪುಟ್ಟ ಚಿಲಕ. ಅದು ತೆರೆದಿದ್ದರೆ, ಬಿದ್ದ ಸವಾರನ ಕಾಲು ಸಿಕ್ಕಿಕೊಂಡರೂ ರಿಕಾಪು ಬಾರಿನ ಸಮೇತ ಕಳಚಿ ಜೀವ ಉಳಿಯುತ್ತದೆ. ಮುಚ್ಚಿದ್ದರೆ ಕುದುರೆ ಅವನನ್ನು ಎಳೆದುಕೊಂಡೇ ಓಡುತ್ತದೆ. ಆದರೆ ಒಮ್ಮೆ ಕವಾಯತಿನಲ್ಲಿ ವೆಂಟ್ರಿಸನ ರಿಕಾಪು ಕಳಚಿಬಿದ್ದು, ನೋಡಲು ಬಂದ ಹೆಂಗಸರೆದುರು ನಗೆಪಾಟಲಾಗಿತ್ತು. ಅಂದಿನಿಂದ ಆ ಪುಣ್ಯಾತ್ಮನ ಚಿಲಕ ಸದಾ ಬಂದ್.

“ಸಾಹೇಬ್ರೆ, ಬಿದ್ರೆ ತಲೆ ಒಡ್ಕೊಂಡು ಸಾಯ್ತೀರಿ,” ಅಂದ ಈನಾಕ್.

“ನಾನ್ಯಾಕೆ ಬೀಳ್ಲಿ? ಬೀಳೋರು ನಿಮ್ಮಂಥೋರು. ನೀನು ಚರ್ಮ ಹೊಲಿ, ಸಾಕು.”

ಇಂಥವನು ಸತ್ತರೆ ಮೇಣ ಮಾರುವವನ ಹೊರತು ಯಾರೂ ಅಳುವುದಿಲ್ಲವೆಂದು ಈನಾಕನಿಗೆ ಗೊತ್ತಿತ್ತು. ಆದರೂ ತಾನು ಕೂರಿಸಿದ ಕಬ್ಬಿಣ ಒಬ್ಬನ ಪ್ರಾಣ ತೆಗೆಯುವುದು ಅವನಿಗೆ ಒಗ್ಗಲಿಲ್ಲ. ಚಿಲಕದ ಮೂತಿಯನ್ನು ಅರದಿಂದ ಉಜ್ಜಿಬಿಟ್ಟ. ಈಗ ಅದು ಮುಚ್ಚಿದಂತೆ ಕಾಣುತ್ತಿತ್ತು, ಬಲವಾಗಿ ಜಗ್ಗಿದರೆ ಬಿಟ್ಟುಕೊಡುತ್ತಿತ್ತು. ಸಿಕ್ಕಿಬಿದ್ದರೆ ತೋಳಿನ ಸಾರ್ಜೆಂಟ್ ಪಟ್ಟಿ ಹೋಗುತ್ತದೆ, ಅದರ ಜತೆಗೆ ಬ್ಯಾರಕ್ಕಿನ ಕೋಣೆಯೂ ಹೋಗುತ್ತದೆ. ಹೆಂಡತಿ ಕೆಜಾಯಾ ತುಂಬಿದ ಬಸುರಿ.

ಮುಂದಿನ ಕವಾಯತಿನಲ್ಲೇ ಕಂದಕ ಹಾರುವಾಗ ಕುದುರೆ ಮುಗ್ಗರಿಸಿತು. ವೆಂಟ್ರಿಸ್ ಉರುಳಿದ, ಎಡಗಾಲು ಸಿಕ್ಕಿಕೊಂಡಿತು, ಕುದುರೆ ಬೆದರಿ ಓಡಿತು. ಸ್ವಲ್ಪ ದೂರ ಎಳೆಯುವಷ್ಟರಲ್ಲಿ ಚಿಲಕ ಬಿಟ್ಟು ಬಾರು ಕಳಚಿತು. ಸಾಹೇಬರು ಕೆಸರಿನಲ್ಲಿ ಎದ್ದು ಕೂತರು. ಮೀಸೆಯ ಒಂದು ತುದಿ ಇನ್ನೂ ಸೆಟೆದೇ ಇತ್ತು.

“ನೋಡಿದ್ರಾ! ರಿಕಾಪು ಕಳಚ್ತು, ಅದಕ್ಕೇ ಬಿದ್ದೆ!” ಎಂದು ಅರಚಿದ.

ಚಿಲಕ ಪರೀಕ್ಷಿಸಿದಾಗ ಅರದ ಗುರುತು ಸಿಕ್ಕಿತು. ಈನಾಕ್ ಇದ್ದ ಕಾರಣವನ್ನೇ ಹೇಳಿದ. ಮೊದಲು ಬಿದ್ದದ್ದು, ಆಮೇಲೆ ಕಳಚಿದ್ದು ಎಂಬುದನ್ನು ಇಡೀ ತುಕಡಿ ಕಣ್ಣಾರೆ ಕಂಡಿತ್ತು, ಆದರೆ ಒಬ್ಬನೂ ಬಾಯಿ ಬಿಡಲಿಲ್ಲ. ಥೂ, ಕತ್ತಿ ಕಟ್ಟಿಕೊಂಡ ಕುರಿಗಳು! ಈನಾಕನ ಪಟ್ಟಿ ಕಿತ್ತರು, ಕೋಣೆ ಖಾಲಿ ಮಾಡಿಸಿದರು.

ಗಂಟುಮೂಟೆ ಹೊತ್ತು ಗೇಟು ದಾಟುವಾಗ, ಇಷ್ಟು ದಿನ ಅವನ ಕೈಕೆಳಗಿದ್ದ ಸೈಲಸ್ ಓಡಿಬಂದ. ಈಗ ಅವನೇ ಜೀನಗಾರ.

“ಗುರುವೇ, ಆ ಮನುಷ್ಯ ಚಿಲಕ ಇನ್ಮೇಲೆ ತೆರೀಲೇಬಾರ್ದು, ರಿವೆಟ್ ಮೊಳೆ ಹೊಡೆದು ಮುಚ್ಚಿಬಿಡು ಅಂತಾನೆ. ಏನ್ಮಾಡ್ಲಿ?”

ಈನಾಕ್ ಹೆಂಡತಿಯ ಕಡೆ ನೋಡಿದ. ಅವಳು ಹೊಟ್ಟೆ ಹಿಡಿದುಕೊಂಡು ದಾರಿಬದಿಯ ಕಲ್ಲಿನ ಮೇಲೆ ಕೂತಿದ್ದಳು.

“ಎರಡು ಹೊಡಿ,” ಅಂದ.